ನಟ್-ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು ಬಾಟಲಿಯಲ್ಲೇ ಯಾಕೆ ಗಟ್ಟಿಯಾಗುವುದಿಲ್ಲ?

ಬಾಟಲಿಯೊಳಗೆ ಗಾಳಿ ಇರುತ್ತದೆ, ಅದಕ್ಕೇ. ಬಣ್ಣ ಗಾಳಿಗೆ ಒಣಗುತ್ತದೆ ಅಲ್ವಾ, ಈ ಅಂಟು ಪೂರ್ತಿ ಉಲ್ಟಾ. ಗಾಳಿ ತಪ್ಪಿ, ಲೋಹ ತಾಗಿದಾಗಲೇ ಗಟ್ಟಿಯಾಗುತ್ತದೆ.

ಅಂಟಿನ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದ ಸರಪಳಿಯಾದರೆ ಅದು ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಆಮ್ಲಜನಕ ಇದ್ದರೆ ಆ ಸರಪಳಿ ಶುರುವಿನಲ್ಲೇ ಕಡಿದುಹೋಗುತ್ತದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಥ್ರೆಡ್ಡುಗಳ ಸಂದಿಯಲ್ಲಿ ಗಾಳಿ ಉಳಿಯುವುದಿಲ್ಲ, ಜೊತೆಗೆ ಕಬ್ಬಿಣ, ತಾಮ್ರದಂಥ ಲೋಹದಿಂದ ಬರುವ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಈ ಕೆಲಸಕ್ಕೆ ಚಾಲನೆ ಕೊಡುತ್ತವೆ. ಸ್ಟೇನ್‌ಲೆಸ್ ಸ್ಟೀಲಿನಿಂದ ಇಂಥ ಅಯಾನುಗಳು ಕಡಿಮೆ ಬರುತ್ತವೆ, ಅದರ ಮೇಲೆ ಅಂಟು ಗಟ್ಟಿಯಾಗಲು ಜಾಸ್ತಿ ಹೊತ್ತು ಬೇಕಾಗುವುದು ಇದಕ್ಕೇ. ಬಾಟಲಿಯನ್ನು ಪೂರ್ತಿ ತುಂಬದೆ ಮಾರುವುದೂ ಒಳಗೆ ಗಾಳಿ ಇರಲಿ ಅಂತಲೇ.

ನನಗೆ ತುಂಬಾ ಇಷ್ಟವಾಗುವುದು ಇದರ ಇತಿಹಾಸ. 1940ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಬಳಿ ಇಂಥದ್ದೇ ವಸ್ತು ಇತ್ತು, ಆದರೆ ಅದು ದ್ರವವಾಗಿ ಉಳಿಯಬೇಕಾದರೆ ಒಳಗೆ ಸದಾ ಗಾಳಿ ಹಾಯಿಸುತ್ತಲೇ ಇರಬೇಕಿತ್ತು. ಅದನ್ನು ಅಂಗಡಿಯಲ್ಲಿ ಮಾರುವುದು ಹೇಗೆ? 1953ರಲ್ಲಿ ಅಮೆರಿಕದ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರ ಪ್ರೊಫೆಸರ್ ವರ್ನನ್ ಕ್ರೀಬಲ್ ಸುಮ್ನೆ ಬಾಟಲಿಯಲ್ಲಿಟ್ಟರೂ ಕೆಡದ ಅಂಟು ತಯಾರಿಸಿದರು. ಅದೇ ಲಾಕ್‌ಟೈಟ್ ಅನ್ನೋ ಹೆಸರಿನ ಅಂಟು.