ಡಿಸೈನ್ ಬಲ್ಲವರು ಡಿಸೈನ್ ಕಲಿಸಲು ಹೊರಟಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರಾಡಕ್ಟ್ ಡಿಸೈನರ್ ಆಗಿದ್ದೇನೆ. ಮನೆಬಳಕೆಯ ಸಣ್ಣ ಯಂತ್ರಗಳು, ವೈದ್ಯಕೀಯ ಸಾಧನಗಳ ಹೊರಕವಚಗಳು ನನ್ನ ಕ್ಷೇತ್ರ. ಡಿಸೈನ್‌ನಲ್ಲಿ ಸ್ನಾತಕೋತ್ತರ ಪದವಿ ಇದೆ, ಪಿಎಚ್.ಡಿ. ಇಲ್ಲ. ಕಿರಿಯ ಸಹೋದ್ಯೋಗಿಗಳಿಗೆ ಕೆಲಸ ಹೇಳಿಕೊಡುವುದರಲ್ಲಿ ಸಿಗುವ ಸಂತೋಷ ಬೇರೆ ಯಾವುದರಲ್ಲೂ ಸಿಗದ ಕಾರಣ, ಪೂರ್ಣಾವಧಿ ಬೋಧನೆಗೆ ಬರಬೇಕೆಂದು ಹಲವು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದೆ. ಪೋರ್ಟ್‌ಫೋಲಿಯೊ, ಪಡೆದ ಪ್ರಶಸ್ತಿಗಳ ಪಟ್ಟಿ, ನನ್ನ ಅನುಭವವನ್ನು ಮುಂದಿನ ಪೀಳಿಗೆಯೊಂದಿಗೆ ಹಂಚಿಕೊಳ್ಳುವ ಆಸೆಯಿದೆ ಎಂಬ ಪತ್ರ, ಇಷ್ಟನ್ನು ಕಳುಹಿಸಿದ್ದೆ. ಎಲ್ಲಿಂದಲೂ ಸಂದರ್ಶನಕ್ಕೆ ಕರೆ ಬಂದಿಲ್ಲ. ಪಿಎಚ್.ಡಿ. ಇಲ್ಲದಿರುವುದೇ ಕಾರಣವೇ? ಈಗ ಅದಕ್ಕೆ ಸೇರಬೇಕೇ? ಇರುವ ನೌಕರಿ ಬಿಟ್ಟೇ ಈ ದಾರಿಗೆ ಇಳಿಯಬೇಕೇ?
– ಹೆಸರು, ಊರು ಬೇಡ

ಉತ್ತರ: ಪಿಎಚ್.ಡಿ.ಯ ಮಾತನ್ನು ಸ್ವಲ್ಪ ಬದಿಗಿಟ್ಟು, ಮೊದಲು ನೀವು ಕಳುಹಿಸಿದ ಅರ್ಜಿಯನ್ನೇ ನೋಡೋಣ. ಪೋರ್ಟ್‌ಫೋಲಿಯೊ, ಪ್ರಶಸ್ತಿ, ಆಸೆ ಈ ಮೂರನ್ನೂ ಓದಿದ ಆಯ್ಕೆ ಸಮಿತಿಗೆ ನೀವು ಒಳ್ಳೆಯ ಡಿಸೈನರ್ ಎಂಬುದು ಖಾತ್ರಿಯಾಗುತ್ತದೆ. ಆದರೆ ಮುಂದಿನ ಸೆಮಿಸ್ಟರ್‌ನಲ್ಲಿ ನಿಮಗೆ ಯಾವ ಪಾಠ ವಹಿಸಬಹುದು, ಮೊದಲ ವರ್ಷದ ವಿದ್ಯಾರ್ಥಿಗೆ ನೀವು ಏನು ಮಾಡಲು ಹೇಳುತ್ತೀರಿ, ಅವರು ಮಾಡಿ ತಂದದ್ದಕ್ಕೆ ಯಾವ ಆಧಾರದ ಮೇಲೆ ಅಂಕ ಕೊಡುತ್ತೀರಿ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಸಮಿತಿಯವರು ಕೇಳಿಕೊಳ್ಳುವುದು ಈ ಪ್ರಶ್ನೆಗಳನ್ನೇ. ನಿಮ್ಮ ಅರ್ಜಿಯನ್ನು ಒಂದಕ್ಷರ ಬದಲಿಸದೆ ಇನ್ನೊಂದು ಕಂಪನಿಗೂ ಕಳುಹಿಸಬಹುದಾಗಿತ್ತು. ಕರೆ ಬಾರದಿರುವುದಕ್ಕೆ ಇದೇ ಮುಖ್ಯ ಕಾರಣವಿರಬೇಕೆಂದು ನನಗನ್ನಿಸುತ್ತದೆ.

ಮಾಡಬಲ್ಲವರೆಲ್ಲ ಕಲಿಸಬಲ್ಲರೇ ಎಂಬ ಅನುಮಾನ ಡಿಸೈನ್ ಶಿಕ್ಷಣದಷ್ಟೇ ಹಳೆಯದು. 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಜರ್ಮನಿಯ ವೈಮಾರ್‌ನಲ್ಲಿ ಆರಂಭಿಸಿದ ಬೌಹೌಸ್ ಶಾಲೆಯ ಕಾರ್ಯಾಗಾರಗಳಿಗೆ ಇಬ್ಬಿಬ್ಬರು ಗುರುಗಳನ್ನು ನೇಮಿಸುವ ಪದ್ಧತಿಯಿತ್ತು: ರೂಪದ ಪಾಠಕ್ಕೆ ಒಬ್ಬ ಕಲಾವಿದ, ಕೈಕೆಲಸದ ಪಾಠಕ್ಕೆ ಒಬ್ಬ ಕುಶಲಕರ್ಮಿ. 1925ರಲ್ಲಿ ಶಾಲೆ ಡೆಸ್ಸೌಗೆ ಸ್ಥಳಾಂತರಗೊಂಡ ಮೇಲೆ ಮಾರ್ಸೆಲ್ ಬ್ರಾಯರ್, ಯೋಸೆಫ್ ಆಲ್ಬರ್ಸ್, ಹೆರ್ಬರ್ಟ್ ಬೇಯರ್ ಮೊದಲಾದ ಹಳೆಯ ವಿದ್ಯಾರ್ಥಿಗಳೇ ಬೋಧಕರಾದರು. ಎರಡೂ ಬಗೆಯ ಗುರುಗಳ ಕೈಕೆಳಗೆ ಪಳಗಿದ್ದ ಅವರಿಗೆ ಎರಡೂ ಪಾಠಗಳನ್ನು ಒಟ್ಟಿಗೆ ನಡೆಸುವುದು ಸಾಧ್ಯವಾಯಿತು. ಆದ್ದರಿಂದ ಸಮಿತಿಯ ಹಿಂಜರಿಕೆಯನ್ನು ನಿಮ್ಮ ಪರಿಣತಿಯ ಮೇಲಿನ ಅವಿಶ್ವಾಸವೆಂದು ಭಾವಿಸಬೇಡಿ. ಆ ಪರಿಣತಿಯನ್ನು ಇನ್ನೊಬ್ಬರಿಗೆ ದಾಟಿಸುವ ಬಗೆ ನಿಮಗೆ ತಿಳಿದಿದೆಯೇ ಎಂಬುದಷ್ಟೇ ಅವರ ಸಂಶಯ.

ಈ ದಾಟಿಸುವ ಕೆಲಸ ಏಕೆ ಕಷ್ಟ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವೃತ್ತಿಯಲ್ಲಿ ಪಳಗಿದವರು ಅನೇಕ ತೀರ್ಮಾನಗಳನ್ನು ಕಾರಣ ಹೇಳಿಕೊಳ್ಳದೆಯೇ ತೆಗೆದುಕೊಳ್ಳುತ್ತಾರೆ, ಏಕೆಂದರೆ ಆ ಕಾರಣಗಳು ವರ್ಷಗಳ ಅಭ್ಯಾಸದಲ್ಲಿ ಕೈಗೇ ಇಳಿದುಹೋಗಿರುತ್ತವೆ. ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಸ್ತುಶಿಲ್ಪದ ಸ್ಟುಡಿಯೊ (ಕೆಲಸ ಮಾಡುತ್ತಲೇ ಕಲಿಯುವ ತರಗತಿ) ಒಂದರಲ್ಲಿ ಗುರು ಮತ್ತು ವಿದ್ಯಾರ್ಥಿನಿಯ ನಡುವೆ ನಡೆದ ಸಂಭಾಷಣೆಯನ್ನು ಸಾಲುಸಾಲಾಗಿ ಪರಿಶೀಲಿಸಿದ್ದಾರೆ. ವಿದ್ಯಾರ್ಥಿನಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾಳೆ. ಗುರು ಅವಳ ರೇಖಾಚಿತ್ರದ ಮೇಲೆ ಇನ್ನೊಂದು ಹಾಳೆಯಿಟ್ಟು ಗೆರೆ ಎಳೆಯುತ್ತಾ, ಏನು ಮಾಡುತ್ತಿದ್ದೇನೆ, ಅದರಿಂದ ಏನಾಗುತ್ತದೆ, ಹಾಗಾದರೆ ಮುಂದೇನು ಎಂಬುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗುತ್ತಾರೆ. ಉದ್ಯಮದಿಂದ ಬಂದವರು ಇದರಲ್ಲಿ ಮೊದಲ ಅರ್ಧವನ್ನು ಚೆನ್ನಾಗಿಯೇ ಮಾಡುತ್ತಾರೆ. ಪೆನ್ಸಿಲ್ ಕಿತ್ತುಕೊಂಡು ಮೌನವಾಗಿ ತಿದ್ದಿ, "ಈಗ ನೋಡಿ" ಎಂದು ಹಿಂದಿರುಗಿಸುತ್ತಾರೆ. ಚಿತ್ರ ಸರಿಹೋಗುತ್ತದೆ, ಆದರೆ ವಿದ್ಯಾರ್ಥಿ ಇದ್ದಲ್ಲೇ ಉಳಿಯುತ್ತಾನೆ.

ನಿಮ್ಮ ಕ್ಷೇತ್ರದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ತಯಾರಾಗುವ ಪ್ಲಾಸ್ಟಿಕ್ ಕವಚದ ಒಳಗೆ ಬಲಕ್ಕಾಗಿ ಕೊಡುವ ಪಟ್ಟಿಯಂಥ ರಿಬ್ ತೀರಾ ದಪ್ಪವಾಗಿದ್ದರೆ, ಹೊರಮೈಯಲ್ಲಿ ಅದೇ ಜಾಗದಲ್ಲಿ ತಗ್ಗು ಬೀಳುತ್ತದೆ ಎಂಬುದು ನಿಮಗೆ ಕಣ್ಣು ಹಾಯಿಸಿದೊಡನೆ ತಿಳಿಯುತ್ತದೆ. ಕಚೇರಿಯಲ್ಲಾದರೆ ಕಿರಿಯರಿಗೆ "ರಿಬ್ ತೆಳುವಾಗಿಸಿ" ಎಂದರೆ ಮುಗಿಯಿತು. ತರಗತಿಯಲ್ಲಿ ಅಷ್ಟು ಸಾಲದು. ತಗ್ಗು ಬಿದ್ದಿರುವ ನಾಲ್ಕಾರು ಹಳೆಯ ಬಿಡಿಭಾಗಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಗರಗಸದಿಂದ ಸೀಳಿಸಿ, ಗೋಡೆಯ ದಪ್ಪವನ್ನೂ ರಿಬ್ಬಿನ ದಪ್ಪವನ್ನೂ ಕ್ಯಾಲಿಪರ್‌ನಿಂದ ಅಳೆಸಿ, ತಗ್ಗಿರುವ ಕಡೆ ಮತ್ತು ಇಲ್ಲದ ಕಡೆ ಈ ಎರಡರ ಅನುಪಾತ ಹೇಗಿದೆಯೆಂದು ಅವರೇ ಪಟ್ಟಿ ಮಾಡುವಂತೆ ಹೇಳಬಹುದು. ದಪ್ಪವಿರುವ ಭಾಗ ನಿಧಾನವಾಗಿ ತಣಿಯುತ್ತದೆ, ತಣಿಯುತ್ತಾ ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ ಎಂಬ ವಿವರಣೆಯನ್ನು ಆಮೇಲೆ ಕೊಟ್ಟರೆ ಅದು ನಿಲ್ಲುತ್ತದೆ. ರಿಬ್ಬಿನ ದಪ್ಪ ಗೋಡೆಯ ದಪ್ಪದ ಶೇ 50ರಿಂದ 60ರ ಆಸುಪಾಸಿನಲ್ಲಿರಲಿ ಎಂಬ ರೂಢಿಯ ಲೆಕ್ಕವನ್ನು ಕೊನೆಯಲ್ಲಿ ಹೇಳಿ, ಅದೇ ಭಾಗವನ್ನು ಮರುವಿನ್ಯಾಸ ಮಾಡಲು ಕೊಡಿ. ನಿಮ್ಮ ಬಾಯಲ್ಲಿ ಎರಡು ಪದಗಳಲ್ಲಿ ಮುಗಿಯುತ್ತಿದ್ದ ಜ್ಞಾನ ಈಗ ಒಂದು ಇಡೀ ದಿನದ ಸ್ಟುಡಿಯೊ ಪಾಠವಾಗಿದೆ. ಇಂಥ ಎರಡು ಮೂರು ಪಾಠಗಳನ್ನು ನೀವು ಬರೆದಿಟ್ಟುಕೊಂಡರೆ, ಅರ್ಜಿಯ ಮುಕ್ಕಾಲು ಭಾಗ ಸಿದ್ಧವಾದಂತೆಯೇ.

ಬೋಧನೆಯ ಬಗ್ಗೆ ನಿಮ್ಮ ದೃಷ್ಟಿಕೋನವನ್ನು ಒಂದೆರಡು ಪುಟಗಳಲ್ಲಿ ಬರೆದುಕೊಡಿ ಎಂದು ಬಹಳಷ್ಟು ವಿಶ್ವವಿದ್ಯಾಲಯಗಳು ಕೇಳುತ್ತವೆ. ಅಲ್ಲಿ "ವಿದ್ಯಾರ್ಥಿಕೇಂದ್ರಿತ", "ಸೃಜನಶೀಲ", "ಸಮಗ್ರ" ಎಂಬ ಪದಗಳ ಸಾಲು ಕಂಡಾಗ ಓದುವವರ ಕಣ್ಣು ತಾನಾಗಿಯೇ ಮುಂದಿನ ಅರ್ಜಿಗೆ ಹೋಗುತ್ತದೆ. ಎಲ್ಲರೂ ಅದನ್ನೇ ಬರೆದಿರುತ್ತಾರೆ. ಮೇಲೆ ಹೇಳಿದಂಥ ಒಂದು ಪಾಠವನ್ನು ಅಲ್ಲಿ ಪೂರ್ತಿಯಾಗಿ ವಿವರಿಸಿ: ಏನು ಕೊಡುತ್ತೀರಿ, ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ, ಆಗ ನೀವೇನು ಮಾಡುತ್ತೀರಿ, ಅಂಕ ಯಾವುದಕ್ಕೆ. ಅಂಕದ ವಿಷಯವನ್ನು ಹಗುರವಾಗಿ ಎಣಿಸಬೇಡಿ. ಕಂಪನಿಯಲ್ಲಿ ಹತ್ತು ಕಲ್ಪನೆಗಳಲ್ಲಿ ಒಂದನ್ನು ಆರಿಸಿ ಉಳಿದ ಒಂಬತ್ತನ್ನು ಕೈಬಿಡುವುದು ನಿಮಗೆ ಅಭ್ಯಾಸವಾಗಿದೆ, ಆದರೆ ತರಗತಿಯಲ್ಲಿ ಆ ಒಂಬತ್ತು ಮಂದಿಗೂ ನ್ಯಾಯವಾದ ಅಂಕವನ್ನೂ ಅದಕ್ಕೆ ಕಾರಣವನ್ನೂ ಕೊಡಬೇಕು. ಕಡಿಮೆ ಅಂಕ ಬಂದವರು ಬಂದು ಕೇಳಿದಾಗ ಮುಂಚೆಯೇ ಪ್ರಕಟಿಸಿದ ಮಾನದಂಡಗಳನ್ನು ತೋರಿಸಲು ಸಾಧ್ಯವಾಗಬೇಕು. ಅಂತಿಮ ವಸ್ತುವಿಗೆಷ್ಟು, ಅದರವರೆಗಿನ ಹುಡುಕಾಟಕ್ಕೆಷ್ಟು ಎಂದು ನೀವು ಯೋಚಿಸಿದ್ದೀರಿ ಎಂಬುದು ಒಂದು ಪ್ಯಾರಾದಲ್ಲಿ ಕಂಡರೂ, ಉದ್ಯಮದಿಂದ ಬರುವ ಇತರ ಅಭ್ಯರ್ಥಿಗಳಿಗಿಂತ ನೀವು ಮುಂದಿರುತ್ತೀರಿ.

ಇನ್ನು ಪಿಎಚ್.ಡಿ. ಇದಕ್ಕೆ ಎಲ್ಲೆಡೆಗೂ ಒಪ್ಪುವ ಒಂದೇ ಉತ್ತರವಿಲ್ಲ. ಅಮೆರಿಕದಲ್ಲಿ ಸ್ಟುಡಿಯೊ ವಿಷಯಗಳಿಗೆ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಪದವಿಯನ್ನೇ ಅಂತಿಮ ಪದವಿಯೆಂದು ಬಹುಕಾಲದಿಂದ ಪರಿಗಣಿಸಲಾಗಿದೆ. ಬೇರೆ ಹಲವೆಡೆ ಸಂಶೋಧನೆಯೂ ಕೆಲಸದ ಭಾಗವಾಗಿರುವ ಖಾಯಂ ಹುದ್ದೆಗಳಿಗೆ ಪಿಎಚ್.ಡಿ. ಕೇಳುವುದು ಹೆಚ್ಚುತ್ತಿದೆ, ಇನ್ನು ಕೆಲವೆಡೆ ತತ್ಸಮಾನ ವೃತ್ತಿಸಾಧನೆಯನ್ನು ಒಪ್ಪುತ್ತಾರೆ. ಹೀಗಾಗಿ ಜಾಹೀರಾತಿನಲ್ಲಿ ಕಡ್ಡಾಯ ಅರ್ಹತೆ ಯಾವುದು, ಅಪೇಕ್ಷಣೀಯ ಯಾವುದು ಎಂಬುದನ್ನು ಬೇರೆಬೇರೆಯಾಗಿ ಓದಿ. ಕಡ್ಡಾಯವಾದದ್ದು ನಿಮ್ಮಲ್ಲಿಲ್ಲದಿದ್ದರೆ, ಸಮಿತಿಗೆ ಮನಸ್ಸಿದ್ದರೂ ನಿಯಮ ಬಿಡುವುದಿಲ್ಲ, ಅಲ್ಲಿ ಸಮಯ ವ್ಯಯಿಸಬೇಡಿ. ಅಪೇಕ್ಷಣೀಯವಾದದ್ದು ಮಾತ್ರ ಇಲ್ಲದಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ. ವೃತ್ತಿಪರರಿಗೆಂದೇ ಮೀಸಲಾದ ಪ್ರಾಧ್ಯಾಪಕ ಹುದ್ದೆಗಳೂ ಅನೇಕ ಕಡೆ ಇವೆ. ಅವು ಸಾಮಾನ್ಯವಾಗಿ ನಿಗದಿತ ಅವಧಿಯವು ಎಂಬುದನ್ನು ಗಮನದಲ್ಲಿಡಿ.

ಪಿಎಚ್.ಡಿ.ಗೆ ಸೇರಲೇಬೇಕೆಂದಾದರೆ, ಗ್ರಂಥಾಲಯದಲ್ಲಿ ಕುಳಿತು ಡಿಸೈನ್ ಇತಿಹಾಸ ಬರೆಯುವುದೊಂದೇ ದಾರಿಯೆಂದು ತಿಳಿಯಬೇಡಿ. 1993ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕ್ರಿಸ್ಟೋಫರ್ ಫ್ರೇಲಿಂಗ್ ಅವರು ಡಿಸೈನ್ ಬಗೆಗಿನ ಸಂಶೋಧನೆ, ಡಿಸೈನ್ ಮೂಲಕ ನಡೆಸುವ ಸಂಶೋಧನೆ, ಡಿಸೈನ್‌ಗಾಗಿ ನಡೆಸುವ ಸಂಶೋಧನೆ ಎಂದು ಮೂರು ಬಗೆ ಮಾಡಿದರು. ಎರಡನೆಯದರಲ್ಲಿ ವಸ್ತುವನ್ನು ಮಾಡುವ ಪ್ರಕ್ರಿಯೆಯೇ ಹುಡುಕಾಟದ ವಿಧಾನ. ಕೈಕೆಲಸ ಬಲ್ಲವರಿಗೆ ಇದು ಹೆಚ್ಚು ಒಗ್ಗುತ್ತದೆ. ಆದರೂ ನನ್ನ ಸ್ಪಷ್ಟ ಅಭಿಪ್ರಾಯವಿಷ್ಟು: ವರ್ಷಗಟ್ಟಲೆ ಕಾಡುವಂಥ ಒಂದು ಪ್ರಶ್ನೆ ನಿಮ್ಮಲ್ಲಿ ಇಲ್ಲದಿದ್ದರೆ, ಕೇವಲ ಹುದ್ದೆಯ ಪ್ರವೇಶಪತ್ರವೆಂದು ಪಿಎಚ್.ಡಿ.ಗೆ ಸೇರಬೇಡಿ. ಹಾಗೆ ಸೇರಿದವರಲ್ಲಿ ಹಲವರು ಮಧ್ಯದಲ್ಲಿಯೇ ನಿಲ್ಲುತ್ತಾರೆ.

ನೌಕರಿಯನ್ನಂತೂ ಈಗಲೇ ಬಿಡಬೇಡಿ. ಒಂದು ಸೆಮಿಸ್ಟರ್ ಅತಿಥಿ ಬೋಧಕರಾಗಿ ವಾರಕ್ಕೊಂದು ದಿನ ಸ್ಟುಡಿಯೊ ನಡೆಸಿ ನೋಡಿ. ಅದೂ ಕಷ್ಟವಾದರೆ ವರ್ಷಾಂತ್ಯದಲ್ಲಿ ವಿದ್ಯಾರ್ಥಿಗಳ ಕೆಲಸವನ್ನು ಪರಿಶೀಲಿಸುವ ಜ್ಯೂರಿಗೆ ಹೊರಗಿನ ಪರೀಕ್ಷಕರಾಗಿ ಬರುತ್ತೇನೆಂದು ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆಯಿರಿ. ಆ ಪತ್ರಕ್ಕೆ ಅರ್ಜಿಗಿಂತ ಬೇಗ ಉತ್ತರ ಬರುತ್ತದೆ, ಏಕೆಂದರೆ ಬರುವ ಪರೀಕ್ಷಕರು ಎಂದಿಗೂ ಕಡಿಮೆಯೇ. ಇದರಿಂದ ನಿಮ್ಮ ವಿದ್ಯಾರ್ಥಿಗಳ ಕೆಲಸದ ಮಾದರಿಗಳು ಸಿಗುತ್ತವೆ, ನಿಮ್ಮ ಬೋಧನೆಯನ್ನು ಕಣ್ಣಾರೆ ಕಂಡವರಿಂದ ಶಿಫಾರಸು ಪತ್ರವೂ ಸಿಗುತ್ತದೆ. ವೃತ್ತಿ ಮತ್ತು ಬೋಧನೆ ಜೊತೆಯಾಗಿ ಸಾಗುವುದಕ್ಕೆ ಒಳ್ಳೆಯ ನಿದರ್ಶನಗಳಿವೆ. 1953ರಿಂದ 1968ರವರೆಗೆ ಇದ್ದ ಜರ್ಮನಿಯ ಉಲ್ಮ್ ಡಿಸೈನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹಾನ್ಸ್ ಗೂಗೆಲೋಟ್ ಅದೇ ಅವಧಿಯಲ್ಲಿ ವಿದ್ಯುತ್ ಉಪಕರಣಗಳ ಬ್ರೌನ್ ಕಂಪನಿಗೂ ವಿನ್ಯಾಸ ಮಾಡುತ್ತಿದ್ದರು. ಅದೇ ಕಂಪನಿಯ ಡಿಸೈನರ್ ಡೀಟರ್ ರಾಮ್ಸ್ ಅವರೊಡನೆ 1956ರಲ್ಲಿ ರೂಪಿಸಿದ ಎಸ್‌ಕೆ 4 ರೇಡಿಯೊ-ರೆಕಾರ್ಡ್ ಪ್ಲೇಯರ್ ಇಂದಿಗೂ ತರಗತಿಗಳಲ್ಲಿ ಚರ್ಚೆಯಾಗುತ್ತದೆ. ನೇಮಕವಾದ ಮೇಲೂ ಹೊರಗಿನ ಸಲಹಾ ಕೆಲಸಕ್ಕೆ ಅವಕಾಶವಿದೆಯೇ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಿ ತಿಳಿದುಕೊಳ್ಳಿ.

ಮುಂದೆ ಕರೆ ಬಂದು, ಸಮಿತಿ ಮಾದರಿ ಪಾಠವೊಂದನ್ನು ಕೇಳಿದರೆ, ದಯವಿಟ್ಟು ನಿಮ್ಮ ವೃತ್ತಿಜೀವನದ ಚಿತ್ರಗಳನ್ನು ತೋರಿಸುತ್ತಾ ಹೋಗಬೇಡಿ. ಆ ಸೀಳಿದ ಪ್ಲಾಸ್ಟಿಕ್ ತುಂಡುಗಳನ್ನು ಒಯ್ದು, ಎದುರಿಗಿರುವವರ ಕೈಗೇ ಕೊಡಿ.

ಪ್ರಶ್ನೆ: ನನ್ನ ಒಳ್ಳೆಯ ಕೆಲಸವೆಲ್ಲ ಗೋಪ್ಯತಾ ಒಪ್ಪಂದದ ಅಡಿಯಲ್ಲಿದೆ. ಬೋಧಕ ಹುದ್ದೆಯ ಅರ್ಜಿಗೆ ಪೋರ್ಟ್‌ಫೋಲಿಯೊ ಕೇಳಿದ್ದಾರೆ. ಪಾಸ್‌ವರ್ಡ್ ಹಾಕಿ ಸಮಿತಿಗೆ ಮಾತ್ರ ತೋರಿಸಬಹುದೇ?
– ಓರ್ವ ಓದುಗರು

ಉತ್ತರ: ಬೇಡ. ಪಾಸ್‌ವರ್ಡ್ ಹಾಕಿದರೂ ಒಪ್ಪಂದ ಮುರಿದಂತೆಯೇ. ಅಲ್ಲದೆ ಹಳೆಯ ಉದ್ಯೋಗದಾತರ ಗುಟ್ಟನ್ನು ಇಲ್ಲಿ ತೋರಿಸಿದವರು ನಾಳೆ ನಮ್ಮ ವಿಭಾಗದ ಸಂಶೋಧನೆಯನ್ನು ಬೇರೆಡೆ ತೋರಿಸುವುದಿಲ್ಲವೇ ಎಂಬ ಯೋಚನೆ ಸಮಿತಿಯವರಿಗೆ ಬಾರದಿರದು. ಮಾರುಕಟ್ಟೆಗೆ ಬಂದಿರುವ ವಸ್ತುಗಳ ಹೊರರೂಪ ಎಲ್ಲರಿಗೂ ಕಾಣುವಂಥದ್ದು. ಅವುಗಳ ಬಗ್ಗೆ ಏನೇನು ಹೇಳಬಹುದೆಂದು ಕಂಪನಿಯಿಂದ ಬರಹದಲ್ಲಿ ಅನುಮತಿ ಕೇಳಿ. ಬಹುಪಾಲು ಕಂಪನಿಗಳು ಸೀಮಿತ ಅನುಮತಿ ಕೊಡುತ್ತವೆ. ಪ್ರಕಟವಾದ ಪೇಟೆಂಟ್ ಅಥವಾ ನೋಂದಾಯಿತ ಡಿಸೈನ್‌ನಲ್ಲಿ ನಿಮ್ಮ ಹೆಸರಿದ್ದರೆ ಅದು ಸಾರ್ವಜನಿಕ ದಾಖಲೆ, ಅದರಲ್ಲಿರುವ ಚಿತ್ರಗಳನ್ನೂ ಸಂಖ್ಯೆಯನ್ನೂ ನಿಸ್ಸಂಕೋಚವಾಗಿ ಉಲ್ಲೇಖಿಸಬಹುದು. ಅನೇಕರು ಇದನ್ನು ಮರೆತೇಬಿಡುತ್ತಾರೆ. ತಂಡದ ಕೆಲಸವಾಗಿದ್ದರೆ ನಿಮ್ಮ ಪಾಲೆಷ್ಟೆಂದು ಮುಚ್ಚುಮರೆಯಿಲ್ಲದೆ ಬರೆಯಿರಿ. ಇಷ್ಟಾದರೂ ಪುಟಗಳು ಖಾಲಿಯೆನಿಸಿದರೆ, ಕಂಪನಿಗೆ ಸಂಬಂಧವಿಲ್ಲದ ಒಂದು ಸಣ್ಣ ಸಮಸ್ಯೆಯನ್ನು ಸ್ವತಃ ಕೈಗೆತ್ತಿಕೊಂಡು, ಕೆಟ್ಟುಹೋದ ಪ್ರಯತ್ನಗಳ ಸಮೇತ ದಾಖಲಿಸಿ. ಬೋಧಕ ಹುದ್ದೆಯ ಮಟ್ಟಿಗೆ ಹೊಳೆಯುವ ಅಂತಿಮ ಚಿತ್ರಕ್ಕಿಂತ ಆ ಕೆಟ್ಟ ಪ್ರಯತ್ನಗಳ ಪುಟವನ್ನೇ ಹೆಚ್ಚು ಹೊತ್ತು ನೋಡುತ್ತಾರೆ.

ಪ್ರಶ್ನೆ: ನಾನೂ ಪ್ರಾಡಕ್ಟ್ ಡಿಸೈನರ್, ಆದರೆ ಆ್ಯಪ್‌ಗಳ ಪರದೆಗಳನ್ನು ರೂಪಿಸುವವಳು. ಪ್ರಾಡಕ್ಟ್ ಡಿಸೈನ್ ವಿಭಾಗದ ಹುದ್ದೆಗೆ ಅರ್ಜಿ ಹಾಕಬಹುದೇ?
– ಓರ್ವ ಓದುಗರು

ಉತ್ತರ: ವಿಭಾಗದ ಪಠ್ಯಕ್ರಮವನ್ನು ತೆರೆದು ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ವಸ್ತುಗಳ ಗುಣಧರ್ಮ, ತಯಾರಿಕಾ ವಿಧಾನ, ಮಾದರಿ ನಿರ್ಮಾಣ, ದಕ್ಷತಾಶಾಸ್ತ್ರ (ಬಳಸುವವರ ದೇಹಕ್ಕೆ ಒಗ್ಗುವಂತೆ ವಸ್ತು ರೂಪಿಸುವ ಶಾಸ್ತ್ರ) ಇವೇ ಮುಖ್ಯ ವಿಷಯಗಳಾಗಿದ್ದರೆ ಅಲ್ಲಿ ಕಾರ್ಯಾಗಾರದಲ್ಲಿ ನಿಂತು ಪಾಠ ಹೇಳಬಲ್ಲವರು ಬೇಕು, ಆ ಹುದ್ದೆ ನಿಮಗೆ ಹೊಂದದು. ಪರದೆ, ಸೇವೆ, ಬಳಕೆದಾರರ ಅಧ್ಯಯನಗಳ ವಿಷಯಗಳೂ ಪಟ್ಟಿಯಲ್ಲಿದ್ದರೆ, ಅವುಗಳಲ್ಲಿ ಯಾವುದನ್ನು ನೀವು ಮೊದಲ ಸೆಮಿಸ್ಟರ್‌ನಿಂದಲೇ ವಹಿಸಿಕೊಳ್ಳಬಲ್ಲಿರಿ ಎಂದು ಹೆಸರಿಸಿಯೇ ಅರ್ಜಿ ಬರೆಯಿರಿ. ಇಂಟರ್‌ಯಾಕ್ಷನ್ ಡಿಸೈನ್ ಎಂಬ ಹೆಸರಿನ ವಿಭಾಗಗಳನ್ನೂ ಹುಡುಕಿ; ನಿಮ್ಮ ಕೆಲಸ ಅಲ್ಲಿಗೆ ನೇರವಾಗಿ ಹೊಂದುತ್ತದೆ. ಸಂದೇಹ ಉಳಿದರೆ ಅರ್ಜಿಗೆ ಮುನ್ನ ವಿಭಾಗದ ಮುಖ್ಯಸ್ಥರಿಗೆ ನಾಲ್ಕು ಸಾಲಿನ ಮಿಂಚಂಚೆ ಕಳುಹಿಸಿ ಕೇಳುವುದರಲ್ಲಿ ಸಂಕೋಚ ಬೇಡ.