ಶಾಲೆಗೆ ಸಿಸಿಟಿವಿ ಮೊದಲಾ, ಕಾಂಪೌಂಡ್ ಮೊದಲಾ? ಎಸ್‌ಡಿಎಂಸಿ ಸಭೆಯಲ್ಲಿ ಪಾಲಕರು ಏನು ಕೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಅಂಕೋಲಾ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹೆದ್ದಾರಿಗೆ ತಾಗಿಕೊಂಡೇ ಇದೆ. ಊರಿನವರೇ ಒಬ್ಬರು, ಈಗ ಮುಂಬೈಯಲ್ಲಿ ಇರುವವರು, ಮಕ್ಕಳ ಸುರಕ್ಷತೆಗೆ ಅಂತ ಹಣ ಕೊಡಲು ಬಂದಿದ್ದಾರೆ. ಆದರೆ ಅದು ಸಿಸಿಟಿವಿಗೇ ಆಗಬೇಕಂತೆ. ಕಾಂಪೌಂಡ್ ಮೊದಲು ಆಗಲಿ ಅಂತ ನೀವು ಅಂದಾಗ ‘ನಿಮಗೆ ಮಕ್ಕಳ ಸುರಕ್ಷತೆ ಬೇಡ್ವಾ’ ಅಂತ ಯಾರೋ ಬಾಯಿ ಮುಚ್ಚಿಸಿದ್ದಾರೆ. ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಇದನ್ನು ತೀರ್ಮಾನಿಸುವ ಅಧಿಕಾರ ಇದೆಯಾ, ಮುಂದಿನ ಸಭೆಯಲ್ಲಿ ಏನು ಕೇಳಬೇಕು, ದಾನಿಗೆ ಬೇಜಾರಾದರೆ ಹೇಗೆ. ಇಷ್ಟೇ ಅಲ್ವಾ?

ಮಗಳು ಓದುತ್ತಿದ್ದಾಗ ನಾನು ಕುಮಟಾ ತಾಲೂಕಿನ ಒಂದು ಕನ್ನಡ ಶಾಲೆಯ ಎಸ್‌ಡಿಎಂಸಿಯಲ್ಲಿದ್ದೆ. ಅವಳು ಏಳನೇ ಕ್ಲಾಸ್ ಮುಗಿಸಿದ ಮೇಲೆ ನನ್ನ ಸದಸ್ಯತ್ವವೂ ಮುಗಿಯಿತು. ಇದೇ ಜಗಳ ನಮ್ಮಲ್ಲೂ ಆಗಿತ್ತು, ಸ್ವಲ್ಪ ಜಾಸ್ತಿಯೇ ಆಗಿತ್ತು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಅಧಿಕಾರ ಇದೆ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ 2001ರಿಂದಲೇ ಇದೆ. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಓದಿ. ಸಮಿತಿಯಲ್ಲಿ ಕಡಿಮೆ ಅಂದರೂ ಮುಕ್ಕಾಲು ಪಾಲು ಜನ ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಸಮಿತಿಯ ಕೆಲಸಗಳಲ್ಲಿ ಒಂದು, ಸರ್ಕಾರದಿಂದ, ಸ್ಥಳೀಯ ಸಂಸ್ಥೆಯಿಂದ ಅಥವಾ ಬೇರೆ ಯಾವುದೇ ಮೂಲದಿಂದ ಬಂದ ಹಣ ಹೇಗೆ ಖರ್ಚಾಗುತ್ತಿದೆ ಅಂತ ನೋಡುವುದು. ‘ಬೇರೆ ಯಾವುದೇ ಮೂಲ’ದಲ್ಲಿ ನಿಮ್ಮ ಮುಂಬೈ ದಾನಿಯೂ ಬಂದರು. 22ನೇ ಕಲಂ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವವರೂ ನೀವೇ. ಎಷ್ಟೋ ಕಡೆ ಅದನ್ನು ಮೊದಲೇ ಟೈಪ್ ಮಾಡಿಟ್ಟು, ಸಭೆ ಮುಗಿಯುವ ಹೊತ್ತಿಗೆ ಚಹಾ ಜೊತೆ ಸಹಿಗೆ ಕೊಡುತ್ತಾರೆ, ಅದು ಬೇರೆ ಮಾತು. ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಶಾಲೆಗೆ ಏನೇನು ಇರಲೇಬೇಕು ಅಂತ ಪಟ್ಟಿ. ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಬಯಲು, ಮತ್ತು ಕಾಂಪೌಂಡ್ ಅಥವಾ ಬೇಲಿ. ಕ್ಯಾಮೆರಾ ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಬಾಯಿ ಮುಚ್ಚಿಸಿದವರ ಎದುರು ಇದೊಂದನ್ನು ಮೆಲ್ಲಗೆ ಓದಿ ಹೇಳಿ. (ಅನುದಾನಿತ ಶಾಲೆಯಾದರೆ ಸಮಿತಿ ಸಲಹೆ ಮಾತ್ರ ಕೊಡಬಹುದು. ನಿಮ್ಮದು ಸರ್ಕಾರಿ ಶಾಲೆ, ಆ ತೊಂದರೆ ಇಲ್ಲ.)

ಆದರೂ ನನ್ನ ಮಾತು ಕಾಂಪೌಂಡ್ ಪರವೂ ಅಲ್ಲ, ಕ್ಯಾಮೆರಾ ವಿರುದ್ಧವೂ ಅಲ್ಲ. ನಮ್ಮ ಸಭೆಗಳಲ್ಲಿ ವಸ್ತುವಿನ ಹೆಸರು ಮೊದಲು ಬರುತ್ತದೆ, ಅಪಾಯದ ಹೆಸರು ಆಮೇಲೆ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಯಾವ ಅಪಾಯಕ್ಕೆ ಇದು, ದಿನಾ ಅದನ್ನು ನೋಡಿಕೊಳ್ಳುವವರು ಯಾರು ಅಂತ ಪ್ರತಿ ಸಲಹೆಗೂ ಕೇಳಿ. ನಮ್ಮಲ್ಲಿ ದೊಡ್ಡ ಗಲಾಟೆ ತಣ್ಣಗಾಗಿದ್ದು ಮೀನು ಮಾರುವ ಒಬ್ಬ ತಾಯಿ ‘ಕ್ಯಾಮೆರಾ ಮಕ್ಕಳನ್ನ ರಸ್ತೆ ದಾಟಿಸ್ತದಾ?’ ಅಂತ ಕೇಳಿದ ಮೇಲೆ. ಆಕೆ ಅದಕ್ಕಿಂತ ಮೊದಲು ಯಾವ ಸಭೆಯಲ್ಲೂ ಬಾಯಿ ಬಿಟ್ಟವಳಲ್ಲ.

ಯಾಕಂದ್ರೆ ನಮ್ಮ ಕರಾವಳಿಯಲ್ಲಿ ಮಕ್ಕಳ ಜೀವಕ್ಕೆ ದಿನನಿತ್ಯದ ಅಪಾಯ ರಸ್ತೆಯದ್ದು, ನೀರಿನದ್ದು, ಹಳೇ ಮಾಡಿನದ್ದು (ಚಾವಣಿ), ಕರೆಂಟಿನದ್ದು. ಹೆದ್ದಾರಿ 66 ಚತುಷ್ಪಥ ಆದ ಮೇಲೆ ಗಾಡಿಗಳ ವೇಗ ಹೇಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಶಾಲೆ ಒಂದು ಕಡೆ, ಬಸ್ ನಿಲ್ಲುವುದು ಇನ್ನೊಂದು ಕಡೆ, ನಡುವೆ ಡಿವೈಡರ್. ಮಕ್ಕಳು ಹತ್ತಿರದ ದಾರಿ ಅಂತ ಡಿವೈಡರ್ ಹತ್ತಿ ಇಳಿಯುತ್ತಾರೆ, ಮಳೆಗಾಲದಲ್ಲಿ ಕೊಡೆ ಬೇರೆ ಕಣ್ಣಿಗೆ ಅಡ್ಡ. 2016ರ ಜೂನ್‌ನಲ್ಲಿ ಕುಂದಾಪುರ ತಾಲೂಕಿನ ತ್ರಾಸಿ ಹತ್ತಿರ ಇದೇ ಹೆದ್ದಾರಿಯ ಕಡೆ ಶಾಲಾ ಮಕ್ಕಳಿದ್ದ ಓಮ್ನಿಗೆ ಬಸ್ ಬಡಿದು 8 ಮಕ್ಕಳು ಹೋದರು. ಆ ವಾರ ನಮ್ಮ ಊರಲ್ಲೂ ಎಲ್ಲರೂ ಆಟೋದಲ್ಲಿ ಮಕ್ಕಳನ್ನು ಎಣಿಸಿದರು. ಆಮೇಲೆ ಎಣಿಸುವುದು ನಿಂತಿತು. ಶಾಲಾ ಬಸ್ ಹಳದಿ ಇರಬೇಕು, ಜೊತೆಗೊಬ್ಬ ಸಹಾಯಕ ಇರಬೇಕು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1997ರಲ್ಲಿ. ಕನ್ನಡ ಶಾಲೆಗೆ ಬಸ್ಸೇ ಇಲ್ಲ, ಆಟೋ ಮತ್ತು ಬೈಕು. ಹಾಗಾಗಿ ಆ ನಿಯಮ ನಮಗಲ್ಲ ಅಂತ ಎಲ್ಲರೂ ಸುಮ್ನೆ ಇರುತ್ತಾರೆ.

ಆಮೇಲೆ ಗುಡ್ಡ. 2024ರ ಜುಲೈ 16ಕ್ಕೆ ನಿಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೇ ಬಂತು, ಗಂಗಾವಳಿ ನದಿಯವರೆಗೂ ಹೋಯಿತು. ಅದಾಗಿ ತಿಂಗಳೊಳಗೆ, ಆಗಸ್ಟ್ 7ರ ಬೆಳಗಿನ ಜಾವ, ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಇವೆರಡನ್ನೂ ನೋಡಿದ ಜಿಲ್ಲೆಯಲ್ಲಿ ಶಾಲೆಯ ಸುರಕ್ಷತೆ ಅಂದ ತಕ್ಷಣ ಗೇಟಿನ ಕ್ಯಾಮೆರಾ ಮಾತ್ರ ನೆನಪಾಗುವುದು ನನಗೆ ವಿಚಿತ್ರ ಅನ್ನಿಸುತ್ತದೆ. ನಿಮ್ಮ ಶಾಲೆಯ ಹಿಂದೆ ಗುಡ್ಡ ಕಡಿದ ಜಾಗ ಇದೆಯಾ ನೋಡಿ. ಇದ್ದರೆ ಆ ಬದಿಯ ಕೋಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಠ ಬೇಡ ಅಂತ ಠರಾವು ಮಾಡಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಘಟ್ಟದ ಮೇಲೆ, ಸಿರ್ಸಿ ಸಿದ್ದಾಪುರ ಕಡೆ, ಇದೇ ಪ್ರಶ್ನೆ ಕಾಲುಸಂಕದ್ದಾಗುತ್ತದೆ. ಅಡಿಕೆ ಮರದ ಸಂಕದ ಮೇಲೆ ಹಳ್ಳ ದಾಟುವ ಮಗುವಿಗೆ ಶಾಲೆಯ ಒಳಗಿನ ಯಾವ ಕ್ಯಾಮೆರಾವೂ ಉಪಯೋಗಕ್ಕೆ ಬರುವುದಿಲ್ಲ ಅಲ್ವಾ?

ನಾವು ಮಾಡಿದ ಒಂದು ಕೆಲಸ ಹೇಳುತ್ತೇನೆ, ಇದು ನಿಮಗೂ ಆಗಬಹುದು. ಸಭೆಗೆ ಮೊದಲು ಕೆಲವರು ಪಾಲಕರು, ಒಬ್ಬ ಅಕ್ಕೋರು (ಶಿಕ್ಷಕಿ) ಸೇರಿ ಮಕ್ಕಳ ಜೊತೆ ಅವರ ದಾರಿಯಲ್ಲೇ ಮನೆಯವರೆಗೆ ನಡೆದೆವು. ಜುಲೈನಲ್ಲೇ, ಮಳೆಯಲ್ಲೇ. ಎಲ್ಲಿ ಹೆದರಿಕೆ ಆಗುತ್ತದೆ ಅಂತ ಮಕ್ಕಳನ್ನೇ ಕೇಳಿದೆವು. ದೊಡ್ಡವರ ತಲೆಯಲ್ಲಿ ಹೊರಗಿನಿಂದ ಬರುವ ಅಪರಿಚಿತ ಇದ್ದ. ಮಕ್ಕಳು ತೋರಿಸಿದ್ದೇ ಬೇರೆ. ಹುಲ್ಲು ಮುಚ್ಚಿದ ಗಟಾರ, ಗಿಡ್ಡ ಕಟ್ಟೆಯ ಬಾವಿ, ಹಗ್ಗ ಹಾಕದೆ ಬಿಟ್ಟ ನಾಯಿ, ಶೌಚಾಲಯದ ಬಾಗಿಲಿಗೆ ಒಳಗಿಂದ ಚಿಲಕ ಇಲ್ಲದ್ದು. ಈ ಕೊನೆಯದನ್ನು ಹೆಣ್ಣುಮಕ್ಕಳು ಅಕ್ಕೋರಿಗೆ ಮಾತ್ರ ಹೇಳಿದರು. ಚಿಲಕ ಮಾರನೇ ದಿನವೇ ಬಂತು, ಅದಕ್ಕೆ ಯಾವ ದಾನಿಯೂ ಬೇಕಾಗಲಿಲ್ಲ. ನಿಮ್ಮ ಪಂಚಾಯತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆದಾಗ ಮಕ್ಕಳು ಈ ಪಟ್ಟಿಯನ್ನೇ ಓದಲಿ. ಅಲ್ಲಿ ಭಾಷಣ ಮತ್ತು ಸ್ವಾಗತಗೀತೆಗೇ ಅರ್ಧ ಹೊತ್ತು ಹೋಗುತ್ತದೆ, ಇದಕ್ಕೂ ಸ್ವಲ್ಪ ಸಿಗಲಿ.

ಈಗ ಕ್ಯಾಮೆರಾ. 2014ರಲ್ಲಿ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಘಟನೆ ಹೊರಬಂದ ಮೇಲೆ ರಾಜ್ಯದಲ್ಲಿ ಈ ಮಾತು ಜೋರಾಯಿತು. ಪಾಲಕರ ಹೆದರಿಕೆ ಸುಳ್ಳಲ್ಲ, ಅದನ್ನು ಸಭೆಯಲ್ಲಿ ನಗೆಯಾಡಬೇಡಿ. ಆದರೆ ಮಕ್ಕಳ ಮೇಲಿನ ದೌರ್ಜನ್ಯದಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ. ಗೇಟಿನ ಕ್ಯಾಮೆರಾಕ್ಕೆ ಅವರು ದಿನಾ ನಗುತ್ತಾ ಒಳಗೆ ಬರುವವರು. ಅದಕ್ಕೆ ಬೇಕಾಗಿದ್ದು ಮಗು ಹೇಳಿದರೆ ಕೇಳುವ ಒಬ್ಬರು, ಮಕ್ಕಳ ಸಹಾಯವಾಣಿ 1098 ನಂಬರ್ ಗೋಡೆ ಮೇಲೆ ಮಕ್ಕಳ ಕಣ್ಣಿನ ಎತ್ತರದಲ್ಲಿ, ಮತ್ತು ಹೆಡ್‌ಮಾಸ್ತರ ಕೈಯಲ್ಲಿ ಮಾತ್ರ ಬೀಗದ ಕೈ ಇರದ ಒಂದು ದೂರು ಪೆಟ್ಟಿಗೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ‘ಊರಿನ ಮರ್ಯಾದೆ, ಒಳಗೊಳಗೇ ಮುಗಿಸೋಣ’ ಅಂದರೆ ಅದೇ ಅಪರಾಧ. ಇದನ್ನು ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಿ. ಯಾರ ಮುಖ ಹೇಗಾಗುತ್ತದೆ ನೋಡಬೇಡಿ, ಸುಮ್ನೆ ಓದಿಸಿ.

ನಮ್ಮ ಶಾಲೆಗೆ ಕೊನೆಗೆ ಕ್ಯಾಮೆರಾ ಬಂತು, ಎರಡೇ ಎರಡು. ಒಳ್ಳೆಯದು ಏನಾಯಿತು ಅಂದರೆ ರವಿವಾರ ರಾತ್ರಿ ಜಗುಲಿಯಲ್ಲಿ ಕುಡಿದು ಬಾಟಲಿ ಒಡೆಯುವುದು ನಿಂತಿತು. ಸೋಮವಾರ ಮಕ್ಕಳು ಗಾಜು ಹೆಕ್ಕುವುದೂ ತಪ್ಪಿತು. ಇದು ಸಣ್ಣ ಲಾಭ ಅಲ್ಲ. ಆದರೆ ಮುಂಗಾರಿಗೆ ಮೊದಲಿನ ಸಿಡಿಲಿಗೆ ರೆಕಾರ್ಡಿಂಗ್ ಪೆಟ್ಟಿಗೆ ಹೋಯಿತು, ಸಮುದ್ರದ ಗಾಳಿಗೆ ಹೊರಗಿನ ಜೋಡಣೆಗಳೆಲ್ಲ ತುಕ್ಕು. ರಿಪೇರಿಗೆ ಹಣ ಯಾರದು ಅಂತ ಠರಾವಿನಲ್ಲಿ ಬರೆದಿರಲಿಲ್ಲ, ಹಾಗಾಗಿ ತಿಂಗಳುಗಟ್ಟಲೆ ಅದು ಗೋಡೆಯ ಅಲಂಕಾರ. ಪ್ರಾಥಮಿಕ ಶಾಲೆಯಲ್ಲಿ ಗುಮಾಸ್ತರಿಲ್ಲ. ಹೆಡ್‌ಮಾಸ್ತರೇ ಪಾಠ ಮಾಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಇನ್ನು ಪರದೆ ನೋಡುವವರು ಯಾರು? ಪಾಸ್‌ವರ್ಡ್ ಯಾರ ಹತ್ತಿರ ಇರುತ್ತದೆ, ದೃಶ್ಯ ಎಷ್ಟು ದಿನ ಉಳಿಯುತ್ತದೆ, ಅದನ್ನು ನೋಡಲು ಯಾರಿಗೆ ಹಕ್ಕು ಅಂತ ಮೊದಲೇ ಬರೆಸಿ. ದಾನಿಯ ಮೊಬೈಲಿಗೆ ನೇರ ಸಂಪರ್ಕ ಕೊಡುತ್ತೇವೆ ಅಂತ ಯಾರಾದರೂ ಖುಷಿಗೆ ಹೇಳಿದರೆ ಖಡಾಖಂಡಿತ ಬೇಡ ಅನ್ನಿ. ನಮ್ಮ ಮಕ್ಕಳು ಆಡುವುದನ್ನು ಮುಂಬೈಯಲ್ಲಿ ಕೂತು ಯಾಕೆ ನೋಡಬೇಕು?

ಕಾಂಪೌಂಡ್ ಕೂಡ ಅಷ್ಟು ಸಾಧು ಅಲ್ಲ. ನಮ್ಮ ಊರುಗಳಲ್ಲಿ ಕಾಂಪೌಂಡ್ ಜಗಳ ಅಂದರೆ ಅರ್ಧ ದಾರಿ ಜಗಳ. ಶಾಲೆಯ ಬಯಲಿನಲ್ಲೇ ದೇವಸ್ಥಾನಕ್ಕೋ ಕಡಲ ಕಡೆಗೋ ಹೋಗುವ ಕಾಲುದಾರಿ ಇರುತ್ತದೆ, ಅಲ್ಲೇ ವಾಲಿಬಾಲ್, ಅಲ್ಲೇ ಯಕ್ಷಗಾನದ ರಂಗಸ್ಥಳ. ಗೋಡೆ ಬಂದರೆ ಇವೆಲ್ಲ ಏನಾಗುತ್ತವೆ ಅನ್ನುವುದೇ ನಿಜವಾದ ಸಿಟ್ಟು, ಬಾಯಲ್ಲಿ ಮಾತ್ರ ಕ್ಯಾಮೆರಾ. ನಿಮ್ಮಲ್ಲೂ ಹಾಗೇ ಇರಬಹುದು, ಹೊರಗೆ ವಿಚಾರಿಸಿ. ಮೊದಲು ಶಾಲೆಯ ಜಾಗದ ಪಹಣಿ ಯಾರ ಹೆಸರಲ್ಲಿದೆ ನೋಡಿ, ಸರ್ವೆ ಮಾಡಿಸಿ. ಕಾಲುದಾರಿ ಇದ್ದರೆ ಗೋಡೆಯ ಹೊರಗಿನಿಂದ ಒಂದು ದಾರಿ ಬಿಡಿ, ಅರ್ಧ ವಿರೋಧ ಅಲ್ಲೇ ಕರಗುತ್ತದೆ. ಚಿರೇಕಲ್ಲಿನ ಗೋಡೆಗೆ ನೀರು ಹೋಗುವ ಕಿಂಡಿ ಬಿಡದಿದ್ದರೆ ನಮ್ಮ ಮಳೆಗೆ ಅದೇ ಮಕ್ಕಳ ಮೇಲೆ ಬೀಳುತ್ತದೆ. ಗೇಟು ಹೆದ್ದಾರಿ ಕಡೆ ಬೇಡ, ಪಕ್ಕದ ದಾರಿಗೆ ಇರಲಿ. ಇನ್ನೊಂದು ಗೇಟೂ ಇರಲಿ. ಶಾಲೆ ಹೊತ್ತಿನಲ್ಲಿ ಬೀಗ ಹಾಕಿಡಿ ಅಂತ ಯಾರಾದರೂ ಹಟ ಹಿಡಿದರೆ ತಮಿಳುನಾಡಿನ ಕುಂಭಕೋಣಂ ನೆನಪಿಸಿ, ಬೆಂಕಿ ಬಿದ್ದರೆ ಬೀಗ ಹಾಕಿದ ಗೇಟಿನಿಂದ ಮಕ್ಕಳು ಹೊರಗೆ ಓಡುವುದು ಹೇಗೆ? 2004ರ ಜುಲೈನಲ್ಲಿ ಅಲ್ಲಿನ ಶಾಲೆಯಲ್ಲಿ ಅಡುಗೆ ಕೋಣೆಯಿಂದ ಹುಲ್ಲಿನ ಮಾಡಿಗೆ ಬೆಂಕಿ ಹತ್ತಿ 94 ಮಕ್ಕಳು ಸತ್ತರು. ನಮ್ಮ ಬಿಸಿಯೂಟದ ಕೋಣೆಯಲ್ಲೂ ಗ್ಯಾಸ್ ಸಿಲಿಂಡರ್ ಇದೆ. ಬೆಂಕಿ ಆರಿಸುವ ಸಾಧನ ಇದೆಯಾ, ಅಡುಗೆಯವರಿಗೆ ಅದನ್ನು ಬಳಸಲು ಬರುತ್ತದಾ ಅಂತ ಕೇಳಿ.

ಹಣದ ಬಗ್ಗೆ ಒಂದು ಮಾತು. ಕಾಂಪೌಂಡ್‌ಗೆ ದಾನಿಯ ಹಣವೇ ಬೇಕು ಅಂತಿಲ್ಲ, ನರೇಗಾದಲ್ಲಿ ರಾಜ್ಯದ ಎಷ್ಟೋ ಶಾಲೆಗಳಿಗೆ ಕಾಂಪೌಂಡ್ ಆಗಿದೆ. ಈಗ ಯಾವ ಯೋಜನೆಯಲ್ಲಿ ಸಿಗುತ್ತದೆ ಅಂತ ಪಂಚಾಯತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ. ರಸ್ತೆಯ ವಿಷಯಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಎಚ್ಚರಿಕೆ ಫಲಕ, ವೇಗ ತಗ್ಗಿಸುವ ಉಬ್ಬು ಪಟ್ಟಿ, ದಾಟುವ ಜಾಗ ಇವುಗಳನ್ನು ಫೋಟೋ ಸಮೇತ ಅಲ್ಲಿಗೆ ಬರೆಯಿರಿ. ಬಿಇಒಗೂ (ಕ್ಷೇತ್ರ ಶಿಕ್ಷಣಾಧಿಕಾರಿ), ಕಾರವಾರದ ಡಿಡಿಪಿಐಗೂ (ಶಿಕ್ಷಣ ಇಲಾಖೆಯ ಉಪನಿರ್ದೇಶಕ) ಪ್ರತಿ ಹೋಗಲಿ (ಇದನ್ನು ಘಟ್ಟದ ಮೇಲಿನವರು ಓದುತ್ತಿದ್ದರೆ, ನಿಮ್ಮದು ಸಿರ್ಸಿ ಶೈಕ್ಷಣಿಕ ಜಿಲ್ಲೆ). ಬಾಯಿಮಾತಿನಲ್ಲಿ ಹೇಳಿ ಬಂದರೆ ಯಾರ ಹತ್ತಿರವೂ ದಾಖಲೆ ಇರುವುದಿಲ್ಲ. ಠರಾವಿನ ನಂಬರು ಹಾಕಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಮ್ಮ ಶಾಲೆಯ ಮೇಲೆ ಹಾದುಹೋಗಿದ್ದ ತಂತಿ ಬದಲಾಗಿದ್ದು ಮೂರನೇ ಪತ್ರಕ್ಕೋ ನಾಲ್ಕನೆಯದಕ್ಕೋ. ಮುದ್ರೆ ಇದ್ದಿದ್ದರಿಂದ ಮೊದಲಿಂದ ಶುರು ಮಾಡಬೇಕಾಗಲಿಲ್ಲ.

ಸಭೆಯಲ್ಲಿ ಎದ್ದು ನಿಂತು ಮೊದಲ ಸಲ ಹೇಳಿದರೆ ಮತ್ತೆ ಬಾಯಿ ಮುಚ್ಚಿಸುತ್ತಾರೆ. ಹಾಗಾಗಿ ಹೆಡ್‌ಮಾಸ್ತರಿಗೆ ಮೊದಲೇ ಚೀಟಿ ಕೊಟ್ಟು ವಿಷಯಪಟ್ಟಿಯಲ್ಲಿ ಸೇರಿಸಿ. ತಾಯಂದಿರನ್ನು ಜಾಸ್ತಿ ಕರೆದುಕೊಂಡು ಹೋಗಿ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವವರು, ಮೀನು ಪೇಟೆಗೆ ಹೋಗುವವರು ಬರುವುದಿಲ್ಲ. ಹೊತ್ತು ಬದಲಿಸಿ ಅಂತಲೂ ಕೇಳಿ.

ಇನ್ನು ದಾನಿ. ಅವರಿಗೆ ಬೇಜಾರಾಗುತ್ತದೆ ಅಂತ ಊರವರೇ ಊಹಿಸಿ ಹೆದರುವುದು ಜಾಸ್ತಿ. ನೀವೇ ಫೋನ್ ಮಾಡಿ, ಮಕ್ಕಳು ಮಾಡಿದ ಪಟ್ಟಿ ವಾಟ್ಸಾಪ್‌ನಲ್ಲಿ ಕಳಿಸಿ, ಇದರಲ್ಲಿ ಯಾವುದು ನಿಮ್ಮದು ಅಂತ ಕೇಳಿ. ನಮ್ಮ ದಾನಿ ಬಾವಿಕಟ್ಟೆಯನ್ನೂ ಅದರ ಮೇಲಿನ ಜಾಲರಿಯನ್ನೂ ಆರಿಸಿಕೊಂಡರು. ಕ್ಯಾಮೆರಾಕ್ಕೆ ಹೆಸರು ಹಾಕಲು ಜಾಗ ಎಲ್ಲಿದೆ, ಕಟ್ಟೆ ಮೇಲಾದರೆ ತಂದೆಯ ಹೆಸರು ಪೂರ್ತಿ ಬರೆಸಬಹುದು ಅಂತ ಅವರೇ ಅಂದರು. ಹಣ ಮಾತ್ರ ಯಾರ ಕೈಗೂ ನಗದು ಬೇಡ. ಎಸ್‌ಡಿಎಂಸಿ ಖಾತೆಗೆ ಚೆಕ್, ರಸೀದಿ, ಮತ್ತು ಮುಂದಿನ ಸಭೆಯಲ್ಲಿ ಖರ್ಚಿನ ಲೆಕ್ಕ.