ಏಳನೇ ಕ್ಲಾಸ್ ಆಯ್ತು, ಮುಂದೆ ಯಾವ ಹೈಸ್ಕೂಲು?

ಪ್ರಶ್ನೆ: ನಮ್ದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮಗಳು ಊರಿನ ಸರ್ಕಾರಿ ಶಾಲೇಲಿ ಕನ್ನಡ ಮೀಡಿಯಂ 7ನೇ ಕ್ಲಾಸು, ಲೆಕ್ಕದಲ್ಲಿ ತುಂಬಾ ಚುರುಕು, ಇಂಜಿನಿಯರ್ ಆಗ್ಬೇಕು ಅಂತಾಳೆ. ನಮ್ಮನೆಯವರು ಮೈಸೂರಲ್ಲಿ ಅವರ ತಂಗಿ ಮನೇಲಿ ಬಿಟ್ಟು ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಹಾಕೋಣ ಅಂತ ಹಠ ಹಿಡಿದಿದಾರೆ. ನಂಗೆ ಪಕ್ಕದೂರಿನ ಸರ್ಕಾರಿ ಹೈಸ್ಕೂಲೇ ಸಾಕು ಅನ್ಸುತ್ತೆ. ಏನ್ ಮಾಡ್ಲಿ?
— ಒಬ್ಬ ತಾಯಿ

ಉತ್ತರ: ಅಮ್ಮಾ, ದಯವಿಟ್ಟು ಟಿಸಿ ತಗೊಳೋಕೆ ಮುಂಚೆ ಇದನ್ನ ನಿಮ್ಮನೆಯವರಿಗೂ ಓದಿ ಹೇಳಿ. ಸಿಇಟಿ ಮೂಲಕ ಇಂಜಿನಿಯರಿಂಗ್ ಸೀಟು ಹಂಚೋವಾಗ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲಾತಿ ಇದೆ, ಆದ್ರೆ ಅದಕ್ಕೆ 1ರಿಂದ 10ನೇ ಕ್ಲಾಸಿನವರೆಗೆ ಪೂರ್ತಿ ಹತ್ತು ವರ್ಷ ಹಾಗೇ ಓದಿರ್ಬೇಕು, ನಡುವೆ ಒಂದು ವರ್ಷ ತಪ್ಪಿದ್ರೂ ಸಿಗಲ್ಲ. ನಿಮ್ಮ ಮಗಳು ಏಳು ವರ್ಷ ಆಗ್ಲೇ ಗಳಿಸಿದಾಳೆ, ಉಳಿದಿರೋದು ಮೂರೇ. ಈಗ ಮೈಸೂರಿನ ಇಂಗ್ಲಿಷ್ ಮೀಡಿಯಂಗೆ ಹಾಕಿದ್ರೆ ಎರಡೂ ಒಂದೇ ದಿನ ಹೋಗುತ್ತೆ. ಮುಂದೆ ಅವಳು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ರೂ ಇದೇ ಲೆಕ್ಕ ಬರುತ್ತೆ, ಅಲ್ಲಿ ಗ್ರಾಮೀಣದವರಿಗೆ 25, ಕನ್ನಡ ಮೀಡಿಯಂಗೆ 5. ಪಿಯುಸಿ ಎಲ್ಲಿ ಓದಿದ್ರೂ ಇದಕ್ಕೆ ತೊಂದರೆ ಇಲ್ಲ, ಮೈಸೂರಿಗೆ ಆಗ ಕಳ್ಸಿ. ಇನ್ನೊಂದು ವಿಷ್ಯ, ಹೈಸ್ಕೂಲು ಪಾಂಡವಪುರ ಟೌನಲ್ಲಿದ್ರೆ ಅದು ಪುರಸಭೆ ಲೆಕ್ಕಕ್ಕೆ ಬರುತ್ತೆ, ಗ್ರಾಮ ಪಂಚಾಯಿತಿದಲ್ಲ, ಹಾಗಾಗಿ ಶಾಲೆ ಯಾವ ವ್ಯಾಪ್ತೀಲಿದೆ ಅಂತ ಬಿಇಓ ಆಫೀಸಲ್ಲಿ ಕೇಳ್ಕೊಂಡೇ ಮುಂದಿನ ಮಾತು.

ನಿಮ್ಮನೆಯವರ ಭಯ ಸುಳ್ಳಲ್ಲ. ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸಿಗೆ ಹೋದ ಮಕ್ಕಳು ಮೊದಲ ಕೆಲವು ತಿಂಗಳು ಬಹಳ ಒದ್ದಾಡ್ತಾರೆ, ಉತ್ತರ ಗೊತ್ತಿದ್ರೂ ಬಾಯಿ ಬಿಡಲ್ಲ. ಅದಕ್ಕೆ ಈಗ್ಲಿಂದ್ಲೇ ತಯಾರಿ ಮಾಡಿ. ನಮ್ಮ ಹೈಸ್ಕೂಲಿನ ಗಣಿತ, ವಿಜ್ಞಾನದ ಪುಸ್ತಕದಲ್ಲಿ ಕನ್ನಡದಲ್ಲೂ ಇಂಗ್ಲಿಷಲ್ಲೂ ಪಾಠ ಒಂದೇ, ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ದುಡ್ಡಿಲ್ದೆ ಡೌನ್‌ಲೋಡ್ ಆಗುತ್ತೆ. ಕನ್ನಡದಲ್ಲಿ ಪಾಠ ಅರ್ಥ ಆದ್ಮೇಲೆ ಅದೇ ಪಾಠವನ್ನ ಇಂಗ್ಲಿಷ್ ಪುಸ್ತಕದಲ್ಲಿ ಓದ್ಲಿ, ಚಿತ್ರ ಬರೆಯೋವಾಗ, ಈಗ ಕಣ್ಣಿನ ಚಿತ್ರ ಅಂದ್ಕೊಳಿ, ಎಡಗಡೆ ಭಾಗಗಳ ಹೆಸರು ಕನ್ನಡದಲ್ಲಿ ಬಲಗಡೆ ಇಂಗ್ಲಿಷಲ್ಲಿ ಬರೀಲಿ. ದಿನಕ್ಕೆ ಅರ್ಧ ಗಂಟೆ ಸಾಕು. ಮೂರು ವರ್ಷ ಹೀಗೆ ಮಾಡಿದ ಹುಡುಗಿಗೆ ಪಿಯುಸಿ ಪುಸ್ತಕ ಹೊಸದು ಅನ್ಸಲ್ಲ.

ಇಷ್ಟೆಲ್ಲಾ ಹೇಳಿದ್ಮೇಲೂ ಒಂದು ಷರತ್ತಿದೆ. ಆ ಹೈಸ್ಕೂಲಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ ಮೇಷ್ಟ್ರು ಇದಾರಾ? ಕಾಯಂ ಮೇಷ್ಟ್ರೋ, ಅತಿಥಿ ಶಿಕ್ಷಕರೋ, ಜೂನ್‌ನಲ್ಲೇ ಬರ್ತಾರೋ ಇಲ್ಲಾ ದಸರಾ ರಜೆ ಹೊತ್ತಿಗೆ ಬರ್ತಾರೋ, ಇದನ್ನ ಹೆಡ್‌ಮಾಸ್ಟರ್ ಹತ್ರ ನೇರವಾಗಿ ಕೇಳಿ, ಕೇಳೋಕೆ ಸಂಕೋಚ ಬೇಡ. ಲೆಕ್ಕದ ಮೇಷ್ಟ್ರೇ ಇಲ್ಲ ಅಂದ್ರೆ ಮೀಸಲಾತಿಗೋಸ್ಕರ ಮಗು ಅಲ್ಲೇ ಕೂರ್ಬೇಕು ಅಂತ ನಾನು ಹೇಳಲ್ಲ, ಸುತ್ತಮುತ್ತ ಹಳ್ಳೀಲಿರೋ ಅನುದಾನಿತ ಹೈಸ್ಕೂಲು ನೋಡಿ. 10ನೇ ಕ್ಲಾಸಲ್ಲಿ ಸ್ಪೆಷಲ್ ಕ್ಲಾಸ್ ಮುಗಿಯೋ ಹೊತ್ತಿಗೆ ಬಸ್ ಇದೆಯಾ ಅಂತಾನೂ ವಿಚಾರಿಸಿ. ಶಕ್ತಿ ಯೋಜನೇಲಿ ಟಿಕೆಟ್ ಫ್ರೀ, ಆದ್ರೆ ಸಂಜೆ ಬಸ್ಸೇ ಇಲ್ಲಾಂದ್ರೆ ಹೆಣ್ಮಗು ಎಷ್ಟು ಹೊತ್ತು ಸ್ಟಾಪಲ್ಲಿ ನಿಲ್ಬೇಕು?

ಪ್ರಶ್ನೆ: ಮೈಸೂರು ಕುವೆಂಪುನಗರದಲ್ಲಿದೀವಿ. ಮಗನ್ನ 8ನೇ ಕ್ಲಾಸಿಗೆ ಬೇರೆ ಶಾಲೆಗೆ ಸೇರಿಸ್ಬೇಕು. ಒಂದು ಕಡೆ ಸಿಬಿಎಸ್‌ಇ ಅಂತಾರೆ, ಇನ್ನೊಂದು ಕಡೆ ಸ್ಟೇಟ್ ಸಿಲಬಸ್, ಎಸ್ಸೆಸ್ಸೆಲ್ಸೀಲಿ ಪ್ರತಿ ವರ್ಷ ನೂರಕ್ಕೆ ನೂರು ರಿಸಲ್ಟ್ ಅಂತ ಗೇಟಲ್ಲಿ ದೊಡ್ಡ ಫ್ಲೆಕ್ಸ್ ಹಾಕಿದಾರೆ. ಯಾವ್ದು ಒಳ್ಳೇದು?
— ಒಬ್ಬ ತಂದೆ

ಉತ್ತರ: ಸಿಬಿಎಸ್‌ಇ ಅಂತ ಬೋರ್ಡ್ ಹಾಕಿದ್ರೆ ಸಾಲ್ದು ಸರ್. ಸ್ಟೇಟ್ ಸಿಲಬಸ್ಸಿಗೆ ಮಾತ್ರ ಅನುಮತಿ ಇಟ್ಕೊಂಡು ಸಿಬಿಎಸ್‌ಇ ಪುಸ್ತಕ ಕೊಟ್ಟು ಅದರ ಫೀಸ್ ವಸೂಲಿ ಮಾಡೋ ಶಾಲೆಗಳು ರಾಜ್ಯದಲ್ಲಿ ಸಿಕ್ಕಿಬಿದ್ದಿವೆ. ಬೋರ್ಡಿಗೆ ಮಕ್ಕಳ ಹೆಸರು ರಿಜಿಸ್ಟರ್ ಆಗೋದು 9ನೇ ಕ್ಲಾಸಲ್ಲಿ, ಅಲ್ಲೀವರೆಗೆ ಅಪ್ಪ ಅಮ್ಮನಿಗೆ ಗೊತ್ತೇ ಆಗಲ್ಲ. ಅಫಿಲಿಯೇಷನ್ ನಂಬರ್ ಕೇಳಿ, ಸಿಬಿಎಸ್‌ಇ ವೆಬ್‌ಸೈಟಲ್ಲಿ ಹಾಕಿ, ಎಷ್ಟನೇ ಕ್ಲಾಸಿನವರೆಗೆ ಅನುಮತಿ ಅಂತ ನೀವೇ ನೋಡಿ.

ನೂರಕ್ಕೆ ನೂರು ರಿಸಲ್ಟ್ ವಿಷ್ಯಕ್ಕೆ ಬಂದ್ರೆ ಒಂದೇ ಪ್ರಶ್ನೆ ಕೇಳಿ: ಈ ಸಲ ಪರೀಕ್ಷೆ ಬರೆದ ಬ್ಯಾಚಲ್ಲಿ 8ನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದ್ರು, 10ನೇ ಕ್ಲಾಸಲ್ಲಿ ಎಷ್ಟು ಜನ ಕೂತ್ರು? ಓದೋದ್ರಲ್ಲಿ ಸ್ವಲ್ಪ ಹಿಂದಿರೋ ಮಕ್ಕಳನ್ನ 9ನೇ ಕ್ಲಾಸಲ್ಲೇ ಫೇಲ್ ಮಾಡಿ, ಟಿಸಿ ತಗೊಂಡು ಹೋಗಿ ಅಂತ ಹೇಳಿ ಫ್ಲೆಕ್ಸ್ ಮಾತ್ರ ಚೆನ್ನಾಗಿಟ್ಕೊಳೋದು ನನ್ನ ಪ್ರಕಾರ ಮಕ್ಕಳಿಗೆ ಮಾಡೋ ದ್ರೋಹ. ಸುಮಾರಾಗಿ ಓದೋ ಮಗೂನ ಕೈಹಿಡಿದು ದಡ ಸೇರಿಸಿ ತೊಂಬತ್ತು ಪರ್ಸೆಂಟ್ ರಿಸಲ್ಟ್ ತಂದ ಶಾಲೆ ಅದಕ್ಕಿಂತ ನೂರು ಪಾಲು ಮೇಲು.

ಆಮೇಲೆ ಆ ಶಾಲೇಲಿ 9ನೇ ಕ್ಲಾಸ್ ಓದ್ತಿರೋ ಅಕ್ಕಪಕ್ಕದ ಮನೆ ಹುಡುಗರ ಸೈನ್ಸ್ ನೋಟ್ಸ್ ಇಸ್ಕೊಂಡು ನೋಡಿ. ಎಲ್ಲರ ಪುಸ್ತಕದಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ, ತಪ್ಪು ಬರೆದಿರೋ ಸ್ಪೆಲ್ಲಿಂಗ್ ಮೇಲೂ ಕೆಂಪು ಇಂಕಲ್ಲಿ ರೈಟ್ ಮಾರ್ಕು, ಹೀಗಿದ್ರೆ ಅಲ್ಲಿ ಯಾರೂ ಓದಿ ತಿದ್ದುತಾ ಇಲ್ಲ ಅಂತ ಅರ್ಥ. ಸ್ಟೇಟೋ ಸಿಬಿಎಸ್‌ಇನೋ ಅನ್ನೋದಕ್ಕಿಂತ ಈ ತಿದ್ದೋ ಕೈ ಮುಖ್ಯ. ಮನೆಯಿಂದ ನಡ್ಕೊಂಡೋ ಸೈಕಲ್ಲಲ್ಲೋ ಹೋಗೋ ದೂರ ಇದ್ರೆ ಇನ್ನೂ ಒಳ್ಳೇದು, ವ್ಯಾನಲ್ಲಿ ಊರೆಲ್ಲ ಸುತ್ತಿ ಬಂದ ಮಗು ಹೋಂವರ್ಕ್ ಮುಂದೆ ತೂಕಡಿಸುತ್ತೆ.

ಪ್ರಶ್ನೆ: ಹೈಸ್ಕೂಲಲ್ಲಿ ಕನ್ನಡ ಬಿಟ್ಟು ಸಂಸ್ಕೃತ ಫಸ್ಟ್ ಲ್ಯಾಂಗ್ವೇಜ್ ತಗೊಂಡ್ರೆ ಮಾರ್ಕ್ಸ್ ಜಾಸ್ತಿ ಬರುತ್ತಂತೆ, ನಿಜಾನಾ?
— ಮಂಡ್ಯದ ಓದುಗರು

ಉತ್ತರ: ಎಸ್ಸೆಸ್ಸೆಲ್ಸಿಯ 625ರಲ್ಲಿ ಮೊದಲ ಭಾಷೆಗೇ 125, ಹಾಗಾಗಿ ಜನ ಲೆಕ್ಕ ಹಾಕ್ತಾರೆ. ಸಂಸ್ಕೃತ ಇಷ್ಟಪಟ್ಟು ಕಲಿಯೋ ಮಗು ಖಂಡಿತ ತಗೊಳ್ಲಿ, ಅದು ಚೆಂದದ ಭಾಷೆ. ಆದ್ರೆ ಬರೀ ಮಾರ್ಕ್ಸಿಗೋಸ್ಕರ ಬೇಡ, ಮನೇಲಿ ಕನ್ನಡ ಮಾತಾಡೋ ಹುಡುಗ ಒಂದು ಪುಟ ತಪ್ಪಿಲ್ದೆ ಕನ್ನಡ ಬರೆಯೋಕೆ ಕಲಿಯೋದೇ ಈ ಮೂರು ವರ್ಷದಲ್ಲಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಕನ್ನಡವನ್ನ ಮೊದಲನೇ ಅಥವಾ ಎರಡನೇ ಭಾಷೆಯಾಗಿ ಕಲಿಸ್ಲೇಬೇಕು, ಅದು ಸಿಬಿಎಸ್‌ಇ ಶಾಲೆಗಳಿಗೂ ಅನ್ವಯ. ಸಂಸ್ಕೃತಾನೇ ತಗೊಳೋದಾದ್ರೆ ಕನ್ನಡ ಎಷ್ಟನೇ ಭಾಷೆ, ಅದಕ್ಕೆ ವಾರಕ್ಕೆ ಎಷ್ಟು ಪೀರಿಯಡ್ ಅಂತ ಅಡ್ಮಿಷನ್ ಫಾರಂ ತುಂಬೋವಾಗ್ಲೇ ಕೇಳಿ ತಿಳ್ಕೊಳಿ.